ಆಶ್ರಯದ ಋಣ: ಸ್ಟೆಫನಿ ಶರ್ಲಿಯವರ ಜೀವನ, ಉದ್ಯಮ ಮತ್ತು ದಾನ

‘ನಿರಾಶ್ರಿತ’ ಎಂಬ ಮಾತು ಒಬ್ಬ ವ್ಯಕ್ತಿಗೆ ಇಲ್ಲದುದನ್ನು ಹೇಳುತ್ತದೆಯೇ ಹೊರತು ಇರುವುದನ್ನು ಹೇಳುವುದಿಲ್ಲ. ಊರಿಲ್ಲ, ಮನೆಯಿಲ್ಲ, ಹಿಂದೆ ನಿಲ್ಲುವ ರಾಜ್ಯವಿಲ್ಲ ಎಂಬಷ್ಟನ್ನೇ ಅದು ಸೂಚಿಸುತ್ತದೆ. ಆದುದರಿಂದಲೇ ನಿರಾಶ್ರಿತರ ವಿಷಯವಾಗಿ ವಿಚಾರ ಮಾಡುವಾಗ ಅವರಿಗೆ ಏನನ್ನು ಕೊಡಬೇಕು, ಎಷ್ಟನ್ನು ಕೊಡಬೇಕು ಎಂಬ ಪ್ರಶ್ನೆಯೇ ಮುಂದಾಗುತ್ತದೆ. ಅವರಿಂದ ಸಮಾಜಕ್ಕೆ ಏನು ಬಂದೀತು ಎಂಬ ಪ್ರಶ್ನೆ ಬಹುಮಟ್ಟಿಗೆ ಹಿಂದೆ ಉಳಿಯುತ್ತದೆ. ಈ ಎರಡನೆಯ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಇತಿಹಾಸದಲ್ಲಿ ದೊರೆಯುವ ಸ್ಪಷ್ಟವಾದ ಉತ್ತರಗಳಲ್ಲಿ ಒಂದು, ಐದು ವರ್ಷದ ಬಾಲಕಿಯಾಗಿ ಇಂಗ್ಲೆಂಡಿಗೆ ಬಂದಿಳಿದು, ಮುಂದೆ ಅಲ್ಲಿ ಗಣಕಯಂತ್ರ ಉದ್ಯಮದ ಅಗ್ರಗಣ್ಯರಲ್ಲಿ ಒಬ್ಬರಾದ ಡೇಮ್ ಸ್ಟೆಫನಿ ಶರ್ಲಿಯವರ ಜೀವನ. ಅವರ ಉದ್ಯಮವನ್ನೂ ಅವರ ದಾನವನ್ನೂ ಬೇರೆಬೇರೆಯಾಗಿ ನೋಡುವುದು ವಾಡಿಕೆ. ಆದರೆ ಎರಡರ ಮೂಲವೂ ಒಂದೇ. ತಾವು ಪಡೆದ ಆಶ್ರಯವನ್ನು ಇನ್ನೊಬ್ಬರಿಗೆ ಒದಗಿಸಬೇಕೆಂಬ ಋಣಪ್ರಜ್ಞೆಯೇ ಆ ಮೂಲ. ಇದನ್ನು ತೋರಿಸುವುದು ಈ ಲೇಖನದ ಉದ್ದೇಶ.

೧. ವಿಯೆನ್ನಾದಿಂದ ಲಂಡನ್ನಿಗೆ

ಅವರ ಹುಟ್ಟುಹೆಸರು ವೆರಾ ಸ್ಟೆಫನಿ ಬುಕ್‌ಟಾಲ್. ೧೯೩೩ನೆಯ ಸೆಪ್ಟೆಂಬರ್ ೧೬ರಂದು ಜರ್ಮನಿಯ ಡಾರ್ಟ್‌ಮಂಡ್ ನಗರದಲ್ಲಿ ಜನನ. ತಂದೆ ಯೆಹೂದ್ಯರು, ನ್ಯಾಯಾಧೀಶರಾಗಿದ್ದವರು. ತಾಯಿ ಯೆಹೂದ್ಯರಲ್ಲದ ವಿಯೆನ್ನಾ ಮೂಲದವರು. ಅದೇ ವರ್ಷ ಜರ್ಮನಿಯಲ್ಲಿ ನಾಜಿ ಪಕ್ಷ ಅಧಿಕಾರಕ್ಕೆ ಬಂದಿತ್ತು. ಯೆಹೂದ್ಯರೆಂಬ ಒಂದೇ ಕಾರಣದಿಂದ ತಂದೆ ತಮ್ಮ ಪದವಿಯನ್ನು ಕಳೆದುಕೊಂಡರು. ಕುಟುಂಬ ಊರಿಂದೂರಿಗೆ ಅಲೆದು ಕೊನೆಗೆ ವಿಯೆನ್ನಾ ಸೇರಿತು. ೧೯೩೮ರ ಮಾರ್ಚಿಯಲ್ಲಿ ಆಸ್ಟ್ರಿಯವೂ ಜರ್ಮನಿಯ ವಶವಾದುದರಿಂದ ಆ ನೆಲೆಯೂ ನೆಲೆಯಾಗಿ ಉಳಿಯಲಿಲ್ಲ.

೧೯೩೮ರ ನವೆಂಬರಿನಲ್ಲಿ ಜರ್ಮನಿ ಮತ್ತು ಆಸ್ಟ್ರಿಯಗಳಲ್ಲಿ ಯೆಹೂದ್ಯರ ಪ್ರಾರ್ಥನಾ ಮಂದಿರಗಳನ್ನೂ ಅಂಗಡಿಗಳನ್ನೂ ಒಂದೇ ರಾತ್ರಿಯಲ್ಲಿ ಸುಟ್ಟು ಒಡೆದು ಹಾಳುಮಾಡಲಾಯಿತು. ಇದರ ಬಳಿಕ ಬ್ರಿಟಿಷ್ ಸರಕಾರವು ತಂದೆತಾಯಿಗಳಿಲ್ಲದೆ ಒಂಟಿಯಾಗಿ ಬರುವ ಮಕ್ಕಳಿಗೆ ತನ್ನ ದೇಶದೊಳಗೆ ಪ್ರವೇಶ ಕೊಡಲು ಒಪ್ಪಿತು. ಆ ಮಕ್ಕಳು ಸರಕಾರದ ಬೊಕ್ಕಸಕ್ಕೆ ಭಾರವಾಗಬಾರದೆಂಬುದು ಕಟ್ಟಳೆ. ಅದಕ್ಕಾಗಿ ಮಗುವೊಂದಕ್ಕೆ ೫೦ ಪೌಂಡುಗಳ ಜಾಮೀನನ್ನು ಗೊತ್ತುಮಾಡಲಾಯಿತು. ಹಣ ಕೂಡಿಸುವ ಮತ್ತು ಮನೆಗಳನ್ನು ಹುಡುಕುವ ಹೊಣೆಯನ್ನು ಖಾಸಗಿ ಸಂಘಗಳೂ ಧಾರ್ಮಿಕ ಮಂಡಲಿಗಳೂ ಹೊತ್ತವು. ‘ಕಿಂಡರ್‌ಟ್ರಾನ್ಸ್‌ಪೋರ್ಟ್’, ಎಂದರೆ ‘ಮಕ್ಕಳ ಸಾಗಣೆ’, ಎಂದು ಹೆಸರಾದ ಈ ಕಾರ್ಯದಿಂದ ೧೯೩೮ರ ಡಿಸೆಂಬರಿನಿಂದ ೧೯೩೯ರ ಸೆಪ್ಟೆಂಬರಿನಲ್ಲಿ ಯುದ್ಧ ತೊಡಗುವವರೆಗೆ ಸುಮಾರು ೧೦,೦೦೦ ಮಕ್ಕಳು ಬದುಕಿಕೊಂಡರು. ಅವರಲ್ಲಿ ಬಹು ಮಂದಿ ತಮ್ಮ ತಂದೆತಾಯಿಗಳನ್ನು ಮತ್ತೆ ಕಾಣಲಿಲ್ಲ.

೧೯೩೯ರ ಜುಲೈಯಲ್ಲಿ ಹೊರಟ ಅಂಥ ಒಂದು ರೈಲಿನಲ್ಲಿ ಐದು ವರ್ಷದ ಸ್ಟೆಫನಿಯೂ ಒಂಬತ್ತು ವರ್ಷದ ಅಕ್ಕ ರೆನಾಟೆಯೂ ಇದ್ದರು. ಪ್ರಯಾಣ ಎರಡೂವರೆ ದಿನದ್ದು. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದ ಈ ಸೋದರಿಯರನ್ನು ಮಧ್ಯ ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನ ಸ್ಮಿತ್ ದಂಪತಿಗಳು ತಮ್ಮ ಮನೆಗೆ ಕರೆದೊಯ್ದರು. ಅವರು ಮಧ್ಯವಯಸ್ಸಿನವರು, ಮಕ್ಕಳಿರಲಿಲ್ಲ. ಭಾಷೆ ಬಾರದ, ಹಿಂದೆಂದೂ ನೋಡದ ಇಬ್ಬರು ಹುಡುಗಿಯರನ್ನು ಅವರು ಸ್ವಂತ ಮಕ್ಕಳಂತೆ ಸಾಕಿದರು. ಸ್ಟೆಫನಿಯ ತಂದೆತಾಯಿಗಳೂ ಬೇರೆ ದಾರಿಗಳಿಂದ ಪಾರಾಗಿ ಉಳಿದರು. ಈ ಭಾಗ್ಯ ಆ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಇರಲಿಲ್ಲ. ಆದರೆ ಕಡಿದುಹೋದ ಬಾಂಧವ್ಯ ಮತ್ತೆ ಮೊದಲಿನಂತೆ ಕೂಡಿಕೊಳ್ಳಲಿಲ್ಲವೆಂದು ಮುಂದೆ ಸ್ಟೆಫನಿಯವರೇ ಹೇಳಿದ್ದಾರೆ. ಪ್ರಾಣ ಉಳಿದುದು ಲಾಭ. ತಾಯಿಯ ಮಡಿಲು ಎರವಾದುದು ಅದಕ್ಕೆ ತೆತ್ತ ಬೆಲೆ.

೨. ಹುಡುಗರ ಶಾಲೆಯಲ್ಲಿ ಗಣಿತ

ಬಾಲಕಿಗೆ ಗಣಿತದಲ್ಲಿ ಅಸಾಧಾರಣ ಆಸಕ್ತಿ ಇದ್ದಿತು. ಆದರೆ ಆಕೆ ಓದುತ್ತಿದ್ದ ಆಸ್ವೆಸ್ಟ್ರಿಯ ಬಾಲಿಕಾ ಪ್ರೌಢಶಾಲೆಯಲ್ಲಿ ಆ ಮಟ್ಟದ ಗಣಿತವನ್ನು ಕಲಿಸುವ ಏರ್ಪಾಡು ಇರಲಿಲ್ಲ. ವಿಶೇಷ ಅನುಮತಿ ಪಡೆದು ಆಕೆ ಹತ್ತಿರದ ಹುಡುಗರ ಶಾಲೆಗೆ ಹೋಗಿ ಆ ಪಾಠಗಳನ್ನು ಕೇಳಬೇಕಾಯಿತು. ಹುಡುಗಿಯರಿಗೆ ಇಂಥ ವಿದ್ಯೆ ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬೇಕಾದೀತೆಂಬ ಆಲೋಚನೆಯೇ ಯಾರಿಗೂ ಬಂದಿರಲಿಲ್ಲ.

ಹದಿನೆಂಟನೆಯ ವಯಸ್ಸಿನಲ್ಲಿ ಆಕೆ ಬ್ರಿಟಿಷ್ ಪ್ರಜೆಯಾಗಿ, ಸ್ಟೆಫನಿ ಬ್ರೂಕ್ ಎಂಬ ಹೊಸ ಹೆಸರನ್ನು ತಳೆದರು. ವಿಶ್ವವಿದ್ಯಾಲಯಕ್ಕೆ ಹೋಗದೆ ಲಂಡನ್ನಿನ ಡಾಲಿಸ್ ಹಿಲ್‌ನಲ್ಲಿದ್ದ ಅಂಚೆ ಇಲಾಖೆಯ ಸಂಶೋಧನ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು. ಯುದ್ಧಕಾಲದಲ್ಲಿ ‘ಕೊಲಾಸಸ್’ ಯಂತ್ರವನ್ನು ನಿರ್ಮಿಸಿದ ಟಾಮಿ ಫ್ಲವರ್ಸ್ ಕೆಲಸ ಮಾಡಿದುದು ಇದೇ ಕೇಂದ್ರದಲ್ಲಿ. ಅಲ್ಲಿ ಸ್ಟೆಫನಿ ಗಣಕಯಂತ್ರಗಳನ್ನು ಬುಡದಿಂದ ಜೋಡಿಸುವುದನ್ನೂ, ಯಂತ್ರಕ್ಕೆ ಯಂತ್ರದ ಭಾಷೆಯಲ್ಲೇ ಆದೇಶ ಬರೆಯುವುದನ್ನೂ ಕಲಿತರು. ಹಗಲು ಕೆಲಸ, ಸಂಜೆ ತರಗತಿ. ಹೀಗೆ ಆರು ವರ್ಷ ದುಡಿದು ಗಣಿತದಲ್ಲಿ ಆನರ್ಸ್ ಪದವಿಯನ್ನು ಸಂಪಾದಿಸಿದರು.

೧೯೫೯ರಲ್ಲಿ ಭೌತವಿಜ್ಞಾನಿ ಡೆರೆಕ್ ಶರ್ಲಿಯವರೊಡನೆ ವಿವಾಹವಾಯಿತು. ಆ ವೇಳೆಗೆ ಅವರು ಗಣಕಯಂತ್ರಗಳನ್ನು ರೂಪಿಸುವ ಒಂದು ಸಣ್ಣ ಸಂಸ್ಥೆಗೆ ಹೋಗಿದ್ದರು. ಅರ್ಹತೆಯಿದ್ದರೂ ಹೆಂಗಸೆಂಬ ಕಾರಣದಿಂದ ಮೇಲಿನ ಮೆಟ್ಟಿಲು ತಮಗೆ ಎಟುಕುವುದಿಲ್ಲವೆಂಬುದು ಹೆಜ್ಜೆಹೆಜ್ಜೆಗೂ ಅನುಭವವಾಯಿತು. ವಿವಾಹವಾಗಿ ಮಗುವಾದೊಡನೆ ಸ್ತ್ರೀಯರು ಉದ್ಯೋಗದಿಂದ ಮರೆಯಾಗುವುದು ಅಂದಿನ ಇಂಗ್ಲೆಂಡಿನಲ್ಲಿ ಸಹಜವೆನಿಸಿತ್ತು. ಗಣಿತ ಕಲಿತು, ಗಣಕಯಂತ್ರದ ಕೆಲಸದಲ್ಲಿ ಪಳಗಿ, ಅನಂತರ ಮನೆಯಲ್ಲಿ ಕುಳಿತ ವಿದ್ಯಾವತಿಯರು ಎಷ್ಟೋ ಮಂದಿ ಇದ್ದರು. ಅವರಿಗೆ ಊರಿತ್ತು, ಮನೆಯಿತ್ತು. ಆದರೆ ಅವರ ವಿದ್ಯೆಗೆ ಮಾತ್ರ ಆಶ್ರಯವಿರಲಿಲ್ಲ.

೩. ಆರು ಪೌಂಡಿನ ಬಂಡವಾಳ

೧೯೬೨ರಲ್ಲಿ ಶರ್ಲಿಯವರು ತಮ್ಮ ಮನೆಯ ಊಟದ ಮೇಜಿನ ಮೇಲೆ ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಕೈಯಲ್ಲಿದ್ದ ಬಂಡವಾಳ ೬ ಪೌಂಡು. ‘ಫ್ರೀಲಾನ್ಸ್’ ಎಂದರೆ ಯಾವೊಂದು ಸಂಸ್ಥೆಯ ಕಾಯಂ ನೌಕರರಾಗದೆ, ಒಂದೊಂದು ಕೆಲಸಕ್ಕೂ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ದುಡಿಯುವವರು. ಅಂದಿಗೆ ಈ ವ್ಯಾಪಾರವೇ ವಿಚಿತ್ರವಾಗಿ ಕಂಡಿತು. ಏಕೆಂದರೆ ಯಂತ್ರವನ್ನು ಕೊಳ್ಳುವವರಿಗೆ ಅದನ್ನು ನಡೆಯಿಸುವ ಪ್ರೋಗ್ರಾಮುಗಳು, ಎಂದರೆ ಇಂದು ನಾವು ತಂತ್ರಾಂಶವೆನ್ನುವ ವಸ್ತು, ಯಂತ್ರದ ಜೊತೆಯಲ್ಲಿ ಪುಕ್ಕಟೆಯಾಗಿ ಬರುತ್ತಿದ್ದವು. ಅದನ್ನು ಬೇರೆಯಾಗಿ ಹಣಕೊಟ್ಟು ಕೊಳ್ಳಬೇಕೆಂದರೆ ಯಾರು ಒಪ್ಪಿಯಾರು? ಅದರಲ್ಲಿಯೂ ಒಬ್ಬ ಹೆಂಗಸಿನಿಂದ?

ಸಂಸ್ಥೆಗಳಿಗೆ ಬರೆದ ಪತ್ರಗಳಿಗೆ ಉತ್ತರಗಳೇ ಬಾರದಾದಾಗ ಅವರ ಪತಿ ಒಂದು ಉಪಾಯವನ್ನು ಸೂಚಿಸಿದರು. ‘ಸ್ಟೆಫನಿ’ ಎಂದು ರುಜು ಮಾಡುವ ಬದಲು ‘ಸ್ಟೀವ್’ ಎಂದು ಮಾಡಬಾರದೇಕೆ? ‘ಸ್ಟೀವ್’ ಗಂಡಸಿನ ಹೆಸರು. ಅಂದಿನಿಂದ ಉತ್ತರಗಳು ಬರತೊಡಗಿದವು. ಭೇಟಿಗೆ ಬಂದ ವ್ಯಕ್ತಿ ಹೆಂಗಸೆಂದು ತಿಳಿಯುವ ಹೊತ್ತಿಗೆ ಮಾತುಕತೆ ಆರಂಭವಾಗಿಬಿಟ್ಟಿರುತ್ತಿತ್ತು. ಮುಂದೆ ಆಪ್ತರೆಲ್ಲರೂ ಅವರನ್ನು ಕೊನೆಯವರೆಗೂ ‘ಸ್ಟೀವ್’ ಎಂದೇ ಕರೆದರು. ಹುಟ್ಟುಹೆಸರು, ಪೌರತ್ವದ ಹೆಸರು, ವಿವಾಹದ ಹೆಸರು, ವ್ಯಾಪಾರದ ಹೆಸರು. ಹೆಸರನ್ನು ಬದಲಿಸುತ್ತ ಬದುಕನ್ನು ಉಳಿಸಿಕೊಳ್ಳುವ ನಿರಾಶ್ರಿತರ ಅಭ್ಯಾಸ ಇಲ್ಲಿಯೂ ಕೈಹಿಡಿಯಿತು.

ಇವರ ಕಾರ್ಯವಿಧಾನ ಗಮನಾರ್ಹವಾದುದು. ಕೆಲಸ ಮಾಡುವವರಲ್ಲಿ ಬಹುತೇಕ ಎಲ್ಲರೂ ಮಕ್ಕಳ ತಾಯಂದಿರು. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲೇ ದುಡಿಯುವರು. ಮನೆಯಲ್ಲಿ ಗಣಕಯಂತ್ರವಿರುವುದು ಆ ಕಾಲದಲ್ಲಿ ಕಲ್ಪನೆಗೂ ಮೀರಿದ ಮಾತು. ಅದಕ್ಕೆ ಪೆನ್ಸಿಲು ಮತ್ತು ಕಾಗದಗಳೇ ಅವರ ಸಾಧನಗಳು. ಸಮಸ್ಯೆಯನ್ನು ಹಂತಹಂತವಾಗಿ ಬಿಡಿಸಿ ನಕ್ಷೆ ಬರೆದು, ಅದನ್ನು ಆದೇಶಗಳ ಸಾಲುಗಳನ್ನಾಗಿ ಹಾಳೆಯ ಮೇಲೆ ಇಳಿಸಿ, ತಪ್ಪಿಲ್ಲದಂತೆ ಕೈಯಿಂದಲೇ ಪರೀಕ್ಷಿಸಿ ಅಂಚೆಯಲ್ಲಿ ಕಳುಹಿಸುವರು. ಅನಂತರ ಆ ಸಾಲುಗಳನ್ನು ರಂಧ್ರಗಳ ರೂಪದಲ್ಲಿ ಕಾರ್ಡು ಇಲ್ಲವೆ ಕಾಗದದ ಪಟ್ಟಿಗಳ ಮೇಲೆ ಒತ್ತಿ ಯಂತ್ರಕ್ಕೆ ಉಣಿಸಲಾಗುವುದು. ಆದುದರಿಂದ ಕೆಲಸಕ್ಕೆ ಬರುವವರನ್ನು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಮುಖ್ಯವಾದುದು, ಮನೆಯಲ್ಲಿ ಟೆಲಿಫೋನ್ ಇದೆಯೇ ಎಂಬುದು. ಟೆಲಿಫೋನೇ ಅವರ ಕಚೇರಿಯ ಪಡಸಾಲೆ. ಗಿರಾಕಿಯೊಡನೆ ಮಾತನಾಡುವಾಗ ಮಗುವಿನ ಅಳು ಕೇಳಿಸದಿರಲೆಂದು ಶರ್ಲಿಯವರು ಟೈಪ್‌ರೈಟರಿನ ಸದ್ದನ್ನು ಧ್ವನಿಮುದ್ರಿಸಿಕೊಂಡು ಹಿನ್ನೆಲೆಯಲ್ಲಿ ಹಾಕುತ್ತಿದ್ದರಂತೆ.

ಇನ್ನೊಂದು ಅಂಶವೂ ವಿಚಾರಾರ್ಹ. ದುಡಿದ ಗಂಟೆಗಳ ಲೆಕ್ಕದಲ್ಲಿ ಹಣ ಕೇಳದೆ, ಇಡೀ ಕೆಲಸಕ್ಕೆ ಇಷ್ಟೆಂದು ಮುಂಚಿತವಾಗಿ ಬೆಲೆ ಕಟ್ಟುವ ಪದ್ಧತಿಯನ್ನು ಅವರು ಅನುಸರಿಸಿದರು. ಇದರಿಂದ ಎರಡು ಪ್ರಯೋಜನಗಳಾದವು. ಗಿರಾಕಿಗೆ ಬೇಕಾದುದು ಸಿದ್ಧವಾದ ಕೆಲಸ; ಅದನ್ನು ಮಾಡಿದವರು ಕಚೇರಿಯಲ್ಲಿ ಕುಳಿತಿದ್ದರೆ ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದರೆ ಎಂಬ ಪ್ರಶ್ನೆ ಏಳಲಿಲ್ಲ. ಎರಡನೆಯದಾಗಿ, ಲೆಕ್ಕ ತಪ್ಪಿದರೆ ನಷ್ಟ ತಮ್ಮದೇ ಆದುದರಿಂದ, ಕೆಲಸವನ್ನು ಮುಂದಾಗಿ ಅಳೆಯುವ, ಹಂಚುವ, ತಪ್ಪು ತಿದ್ದುವ ವಿಷಯದಲ್ಲಿ ಸಂಸ್ಥೆಯೊಳಗೆ ಕಟ್ಟುನಿಟ್ಟಾದ ಶಿಸ್ತು ಬೆಳೆಯಿತು. ಚದುರಿಹೋದ ಜನರನ್ನು ಒಗ್ಗೂಡಿಸಿದುದು ಮೇಲ್ವಿಚಾರಕರ ಕಣ್ಣಲ್ಲ, ಈ ಶಿಸ್ತು.

ಹೀಗೆ ಮನೆಗಳಲ್ಲಿ ಸಿದ್ಧವಾದ ಕೆಲಸಗಳಲ್ಲಿ ಸರಕು ರೈಲುಗಳ ವೇಳಾಪಟ್ಟಿಯೂ, ಶಬ್ದಾತೀತ ವೇಗದ ಕಾಂಕಾರ್ಡ್ ವಿಮಾನದ ಹಾರಾಟ-ದಾಖಲೆಯ ‘ಕಪ್ಪು ಪೆಟ್ಟಿಗೆ’ಗೆ ಸಂಬಂಧಿಸಿದ ಪ್ರೋಗ್ರಾಮುಗಳೂ ಸೇರಿದ್ದವು. ಕಾಂಕಾರ್ಡ್ ಕೆಲಸದ ಮುಂದಾಳು ಆನ್ ಮಾಫಟ್ ಎಂಬ ಮಹಿಳೆ. ೧೯೬೦ರ ದಶಕದ ಒಂದು ಛಾಯಾಚಿತ್ರದಲ್ಲಿ ಅವರು ಮೇಜಿನ ಮುಂದೆ ಕೆಲಸ ಮಾಡುತ್ತಿರುವುದನ್ನೂ, ಪಕ್ಕದಲ್ಲಿ ಅವರ ಮಗು ಇರುವುದನ್ನೂ ಇಂದಿಗೂ ಕಾಣಬಹುದು. ಸಂಸ್ಥೆಯ ಮೊದಲ ೩೦೦ ಮಂದಿ ಕೆಲಸಗಾರರಲ್ಲಿ ಗಂಡಸರು ಮೂವರು ಮಾತ್ರ. ೧೯೭೫ರಲ್ಲಿ ಲಿಂಗಭೇದವನ್ನು ನಿಷೇಧಿಸುವ ಕಾನೂನು ಬ್ರಿಟನ್ನಿನಲ್ಲಿ ಜಾರಿಯಾದಾಗ, ಸ್ತ್ರೀಯರಿಗಾಗಿಯೇ ಹುಟ್ಟಿದ ಈ ಸಂಸ್ಥೆ ತನ್ನ ನೀತಿಯನ್ನು ಬದಲಿಸಿ ಗಂಡಸರಿಗೂ ಬಾಗಿಲು ತೆರೆಯಬೇಕಾಗಿ ಬಂದುದು ಇತಿಹಾಸದ ವಿನೋದಗಳಲ್ಲಿ ಒಂದು.

೪. ಒಡೆತನದ ಹಂಚಿಕೆ

ಮನೆಯಲ್ಲಿ ಕುಳಿತು ಮಾಡುವ ಕೆಲಸವೆಂದೊಡನೆ ಒಂದು ಸಂದೇಹ ಏಳುವುದು ಸಹಜ. ಬೀಡಿ ಸುತ್ತುವ, ಊದುಬತ್ತಿ ಹೊಸೆಯುವ ಹೆಂಗಸರ ಸ್ಥಿತಿಯನ್ನು ಬಲ್ಲವರಿಗೆ, ಮನೆಗೆಲಸದ ಬಿಡುವಿನಲ್ಲಿ ಮಾಡುವ ದುಡಿಮೆಗೆ ಎಷ್ಟು ಕಡಿಮೆ ಕೂಲಿ ಸಲ್ಲುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಬಿಡಿಬಿಡಿಯಾಗಿ ಚದುರಿರುವ ದುಡಿಮೆಗಾರರಿಗೆ ಒಟ್ಟಾಗಿ ಕೇಳುವ ದನಿಯಿಲ್ಲ. ಶರ್ಲಿಯವರ ವ್ಯವಸ್ಥೆಯೂ ಈ ಅಪಾಯಕ್ಕೆ ಹೊರತಾಗಿರಲಿಲ್ಲ. ಅದು ಆ ದಾರಿ ಹಿಡಿಯದಿರಲು ಕಾರಣಗಳು ಎರಡು. ಅಲ್ಲಿ ಮಾರಾಟವಾದುದು ಅಪರೂಪವಾದ ವಿದ್ಯೆ. ಮತ್ತು ಲಾಭದಲ್ಲಿಯೂ ಒಡೆತನದಲ್ಲಿಯೂ ದುಡಿದವರಿಗೆ ಪಾಲು ದೊರೆಯಿತು.

ಈ ಎರಡನೆಯದು ಒಮ್ಮೆಗೇ ಆದುದಲ್ಲ. ೧೯೭೦ರ ದಶಕದ ಮೊದಲಲ್ಲಿ ಬ್ರಿಟನ್ನಿನ ಆರ್ಥಿಕ ಮುಗ್ಗಟ್ಟಿನಿಂದ ಸಂಸ್ಥೆಗೆ ಕಠಿಣವಾದ ದಿನಗಳು ಬಂದವು. ಅವನ್ನು ದಾಟಿ, ‘ಎಫ್ ಇಂಟರ್‌ನ್ಯಾಷನಲ್’ ಎಂದು ಹೆಸರು ಬದಲಿಸಿಕೊಂಡು ಅದು ಬೆಳೆಯಿತು. ಶರ್ಲಿಯವರು ವರ್ಷಗಳ ಪ್ರಯತ್ನದಿಂದ ಸಂಸ್ಥೆಯ ಕಾಲುಭಾಗದಷ್ಟು ಒಡೆತನವನ್ನು ಕೆಲಸಗಾರರ ಕೈಗೆ ದಾಟಿಸಿದರು. ಅದಕ್ಕಾಗಿ ತಮ್ಮ ಹೊರತು ಬೇರಾರಿಗೂ ಖರ್ಚು ಬೀಳದಂತೆ ನೋಡಿಕೊಂಡರು. ೧೯೯೩ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಅವರು ನಿವೃತ್ತರಾದರು. ೧೯೯೬ರಲ್ಲಿ ಸಂಸ್ಥೆಯ ಷೇರುಗಳು ಲಂಡನ್ನಿನ ಷೇರುಪೇಟೆಗೆ ಬಂದಾಗ ಈ ಹಂಚಿಕೆಯ ಫಲ ಕಂಡಿತು: ಸಿಬ್ಬಂದಿಯಲ್ಲಿ ೭೦ ಮಂದಿ ಲಕ್ಷಾಧೀಶರ ಮಾತಿರಲಿ, ದಶಲಕ್ಷಾಧೀಶರೇ ಆದರು.

ಭಾರತಕ್ಕೂ ಈ ಸಂಸ್ಥೆಗೂ ನಂಟು ಬೆಳೆದುದು ಶರ್ಲಿಯವರ ನಿವೃತ್ತಿಯ ತರುವಾಯ. ೧೯೯೭ರಲ್ಲಿ ಅದು ಭಾರತದ ಐಐಎಸ್ ಇನ್ಫೋಟೆಕ್ ಸಂಸ್ಥೆಯನ್ನು ಕೊಂಡಿತು. ‘ಕ್ಸಾನ್ಸಾ’ ಎಂಬ ಹೆಸರು ತಳೆದ ಮೇಲೆ ದಿಲ್ಲಿಯ ನೆರೆಯ ನೋಯ್ಡಾ, ಚೆನ್ನೈ ಮತ್ತು ಪುಣೆಗಳಲ್ಲಿ ಅದರ ಕಚೇರಿಗಳು ನಡೆದವು. ೨೦೦೭ರಲ್ಲಿ ಫ್ರಾನ್ಸಿನ ಸ್ಟೇರಿಯಾ ಸಂಸ್ಥೆ ಅದನ್ನು ಕೊಂಡುಕೊಂಡಿತು. ಕೆಲಸ ನಡೆಯುವ ಸ್ಥಳವೂ ಕೆಲಸ ಬೇಕಾದ ಸ್ಥಳವೂ ಒಂದೇ ಆಗಿರಬೇಕಾಗಿಲ್ಲ ಎಂಬುದು ಶರ್ಲಿಯವರು ೧೯೬೨ರಲ್ಲಿ ಪಣಕ್ಕಿಟ್ಟ ತತ್ತ್ವ. ಆ ತತ್ತ್ವವೇ ಹಿಗ್ಗಿ ಸಮುದ್ರವನ್ನು ದಾಟಿತು. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಊಟದ ಮೇಜನ್ನೇ ಕಚೇರಿಯಾಗಿ ಮಾಡಿಕೊಂಡ ನಮ್ಮ ನಗರಗಳ ಎಷ್ಟೋ ಕುಟುಂಬಗಳಿಗೆ ಈ ತತ್ತ್ವದ ಅನುಕೂಲವೂ ಕಷ್ಟವೂ ಸ್ವಂತ ಅನುಭವದಿಂದ ತಿಳಿದಿವೆ.

೫. ಮಗನ ನೆನಪು, ಮಕ್ಕಳ ಶಾಲೆ

ಉದ್ಯಮದ ಈ ಕಥೆಯ ಜೊತೆಜೊತೆಗೇ ಮನೆಯೊಳಗೆ ಇನ್ನೊಂದು ಕಥೆ ನಡೆದಿತ್ತು. ಶರ್ಲಿ ದಂಪತಿಗಳ ಒಬ್ಬನೇ ಮಗ ಜೈಲ್ಸ್ ಹುಟ್ಟಿದುದು ೧೯೬೩ರಲ್ಲಿ. ಎರಡೂವರೆ ವರ್ಷದ ಹೊತ್ತಿಗೆ ಕಲಿತಿದ್ದ ಮಾತುಗಳನ್ನು ಆ ಮಗು ಕಳೆದುಕೊಂಡಿತು. ಮತ್ತೆ ಮಾತು ಬರಲಿಲ್ಲ. ಆಟಿಸಂ, ಎಂದರೆ ಸ್ವಲೀನತೆ, ತೀವ್ರ ಸ್ವರೂಪದ್ದೆಂದು ತಿಳಿಯಿತು. ಮೂರ್ಛೆರೋಗವೂ ಸೇರಿಕೊಂಡಿತು. ಬೆಳೆದ ಮಗನನ್ನು ಮನೆಯಲ್ಲಿ ನೋಡಿಕೊಳ್ಳುವುದು ಅಸಾಧ್ಯವಾಗಿ ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು. ಆ ದಿನಗಳಲ್ಲಿ ತಾಯಿಯೂ ಒಮ್ಮೆ ಮನಸ್ಸು ಕುಸಿದು ಚಿಕಿತ್ಸೆ ಪಡೆಯಬೇಕಾಯಿತು. ಸಾವಿರಾರು ಜನಕ್ಕೆ ದಾರಿ ತೋರಿದವರಿಗೆ ಸ್ವಂತ ಮಗನಿಗೆ ತಕ್ಕ ನೆಲೆಯೊಂದು ದೊರೆಯಲಿಲ್ಲ.

ದೊರೆಯದುದನ್ನು ಅವರು ಕಟ್ಟಿದರು. ಆಸ್ಪತ್ರೆಯಿಂದ ಹೊರತಂದ ಮಗನಿಗಾಗಿ ಒಂದು ಮನೆಯನ್ನು ಏರ್ಪಡಿಸಿ, ನೋಡಿಕೊಳ್ಳಲು ಬಲ್ಲ ಸಿಬ್ಬಂದಿಯನ್ನು ನೇಮಿಸಿದರು. ಸ್ವಲೀನತೆಯುಳ್ಳ ವಯಸ್ಕರು ಸಮಾಜದ ನಡುವೆಯೇ ಬಾಳಲು ನೆರವಾಗುವ ‘ಕಿಂಗ್‌ವುಡ್’ ಸಂಸ್ಥೆಗೆ ಅದೇ ಬೀಜ. ಅದರ ಮೊದಲನೆಯ ಮನೆಯ ಮೊದಲನೆಯ ನಿವಾಸಿ ಜೈಲ್ಸ್. ೧೯೯೮ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಅವನು ಮೂರ್ಛೆಯಿಂದ ತೀರಿಕೊಂಡನು. ಮರುವರ್ಷವೇ, ೧೯೯೯ರಲ್ಲಿ, ಬರ್ಕ್‌ಷೈರ್ ಪ್ರಾಂತದಲ್ಲಿ ಸ್ವಲೀನತೆಯುಳ್ಳ ಮಕ್ಕಳಿಗಾಗಿ ‘ಪ್ರಯರ್ಸ್ ಕೋರ್ಟ್’ ಎಂಬ ವಸತಿಶಾಲೆ ಅವರ ನೆರವಿನಿಂದ ತೆರೆಯಿತು. ಆ ಬಳಿಕ ಸ್ವಲೀನತೆಯ ಕಾರಣಗಳನ್ನೂ ಪರಿಹಾರಗಳನ್ನೂ ಶೋಧಿಸುವುದಕ್ಕಾಗಿ ‘ಆಟಿಸ್ಟಿಕಾ’ ಎಂಬ ಸಂಸ್ಥೆ ಹುಟ್ಟಿತು. ವಸತಿ, ಶಿಕ್ಷಣ, ಸಂಶೋಧನೆ ಎಂಬ ಈ ಮೂರರ ಕ್ರಮವನ್ನು ಗಮನಿಸಿದರೆ, ಕರುಣೆಯಿಂದ ತೊಡಗಿದ ಕಾರ್ಯ ವ್ಯವಸ್ಥೆಯಾಗಿ ಬೆಳೆದ ಬಗೆ ಗೊತ್ತಾಗುತ್ತದೆ.

ತಮ್ಮ ವೃತ್ತಿಗೂ ಅವರು ಋಣ ಸಲ್ಲಿಸಿದರು. ೨೦೦೧ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅಂತರಜಾಲದ ಸಾಮಾಜಿಕ ಪರಿಣಾಮಗಳನ್ನು ಅಧ್ಯಯನ ಮಾಡುವ ಸಂಸ್ಥೆಯೊಂದು ಸ್ಥಾಪಿತವಾದುದು ಅವರ ದಾನದಿಂದ. ೧೯೮೯ರಲ್ಲಿ ಬ್ರಿಟಿಷ್ ಕಂಪ್ಯೂಟರ್ ಸೊಸೈಟಿಯ ಅಧ್ಯಕ್ಷ ಪದವಿಯನ್ನು ಏರಿದ ಮೊದಲ ಮಹಿಳೆ ಅವರೇ. ೨೦೦೦ದಲ್ಲಿ ‘ಡೇಮ್’ ಪದವಿಯೂ, ೨೦೧೭ರಲ್ಲಿ ‘ಕಂಪಾನಿಯನ್ ಆಫ್ ಆನರ್’ ಎಂಬ ಅತ್ಯುನ್ನತ ಗೌರವವೂ ಅವರಿಗೆ ಸಂದವು. ೨೦೦೯ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ದಾನಧರ್ಮದ ರಾಯಭಾರಿಯನ್ನಾಗಿ ನೇಮಿಸಿತು. ಒಟ್ಟಿನಲ್ಲಿ ಅವರು ಕೊಟ್ಟ ಮೊತ್ತ ೭೦ ದಶಲಕ್ಷ ಪೌಂಡುಗಳ ಸಮೀಪಕ್ಕೆ ಬರುತ್ತದೆ. ತಮಗಾಗಿ ಉಳಿಸಿಕೊಂಡುದಕ್ಕಿಂತ ಕೊಟ್ಟುದೇ ಬಹಳ ಹೆಚ್ಚು. ೨೦೨೫ರ ಆಗಸ್ಟ್ ೯ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಅವರು ಕಾಲವಾದರು.

೬. ಉಪಸಂಹಾರ

ಇಂಥ ಜೀವನವನ್ನು ಕೇವಲ ಒಬ್ಬ ವ್ಯಕ್ತಿಯ ಛಲದ ಫಲವೆಂದು ಎಣಿಸಿ ಮುಗಿಸಿಬಿಡುವುದು ಸುಲಭ. ಛಲವಿದ್ದುದು ನಿಜ. ಆದರೆ ಅದರ ಹಿಂದೆ ನಿಂತವರನ್ನು ಎಣಿಸಿ ನೋಡಬೇಕು. ಜಾಮೀನಿನ ಹಣ ಕೂಡಿಸಿದ ಸಂಘಗಳ ಕಾರ್ಯಕರ್ತರು, ಪರಕೀಯರ ಮಕ್ಕಳನ್ನು ಮನೆಗೆ ಕರೆದ ಸ್ಮಿತ್ ದಂಪತಿಗಳು, ಹುಡುಗರ ತರಗತಿಯಲ್ಲಿ ಒಬ್ಬ ಹುಡುಗಿಗೆ ಸ್ಥಳ ಕೊಟ್ಟ ಶಾಲೆ, ದುಡಿಯುವವರಿಗೆ ಪದವಿ ಕೊಡಿಸಿದ ಸಂಜೆಯ ತರಗತಿಗಳು. ಇವುಗಳಲ್ಲಿ ಒಂದು ಕೊಂಡಿ ಕಳಚಿದ್ದರೂ ಸರಪಳಿ ಮುಂದುವರಿಯುತ್ತಿರಲಿಲ್ಲ. ಆ ರೈಲುಗಳಲ್ಲಿ ಸ್ಥಳ ದೊರೆಯದೆ ಹಿಂದೆ ಉಳಿದ ಮಕ್ಕಳಲ್ಲಿಯೂ ಇಂಥ ಶಕ್ತಿ ಇದ್ದಿರಬೇಕಲ್ಲವೆ? ಆ ಲೆಕ್ಕವನ್ನು ಯಾವ ಇತಿಹಾಸವೂ ಬರೆಯಲಾರದು.

ಅಪರಿಚಿತರ ಔದಾರ್ಯದಿಂದ ಉಳಿದ ತಮ್ಮ ಬದುಕು ಉಳಿಸಲು ಯೋಗ್ಯವಾಗಿದ್ದ ಬದುಕೆಂದು ದಿನದಿನವೂ ತೋರಿಸಬೇಕೆಂಬ ಹಂಬಲವೇ ತಮ್ಮನ್ನು ನಡೆಸಿತೆಂದು ಶರ್ಲಿಯವರು ಹಲವು ಸಲ ಹೇಳಿದ್ದಾರೆ. ಸಾಲವನ್ನು ಕೊಟ್ಟವರಿಗೇ ಹಿಂದಿರುಗಿಸಬೇಕು. ಋಣವನ್ನಾದರೋ ಬೇರೆಯವರಿಗೆ ಕೊಟ್ಟೂ ತೀರಿಸಬಹುದು. ಸ್ಮಿತ್ ದಂಪತಿಗಳಿಗೆ ಸಲ್ಲಬೇಕಾದುದು ಮೊದಲು ಮನೆಯಲ್ಲಿ ಕುಳಿತ ವಿದ್ಯಾವತಿಯರಿಗೂ, ಆಮೇಲೆ ಮಾತು ಬಾರದ ಮಕ್ಕಳಿಗೂ ಸಂದಿತು. ಆಶ್ರಯ ಕೊಡುವವರು ಪ್ರತಿಫಲವನ್ನು ನಿರೀಕ್ಷಿಸಬೇಕಾಗಿಲ್ಲ. ಆದರೆ ಅದು ಎಲ್ಲಿ, ಯಾರ ಬಾಳಿನಲ್ಲಿ ಫಲಿಸೀತೆಂಬುದನ್ನು ಮುಂಚಿತವಾಗಿ ಬಲ್ಲವರು ಯಾರೂ ಇಲ್ಲ.